ಮೇಸ್ತ್ರಿ ಒಡೆದ ಅಂಗಳ

ಆ ಬೀದಿಯಲ್ಲಿ ಮೇಸ್ತ್ರಿಯ ಅಂಗಳದಲ್ಲಿ ನೀರು ನಿಂತದ್ದನ್ನು ಯಾರೂ ನೋಡಿರಲಿಲ್ಲ. ನಲವತ್ತು ವರ್ಷ ಊರವರ ಮನೆಗಳನ್ನು ಕಟ್ಟಿ, ಮಂಡಿ ಸವೆದು ಕೆಲಸ ಬಿಟ್ಟ ವರ್ಷ ಅವನು ತನ್ನ ಮನೆಯ ಮುಂದಿನ ಮಣ್ಣಿಗೆಲ್ಲ ಸಿಮೆಂಟು ಹಾಕಿದ್ದ. ಗೋಡೆಯಿಂದ ಗೇಟಿನವರೆಗೆ ಒಂದೇ ಹಾಸು. ಮನೆಬಾಗಿಲಲ್ಲಿ ಒಂದು ಬಟ್ಟಲು ನೀರು ಸುರಿದರೆ ಅದು ಅತ್ತಿತ್ತ ನೋಡದೆ ನೆಟ್ಟಗೆ ಹೋಗಿ ಗೇಟಿನಾಚೆಯ ಚರಂಡಿಗೆ ಬೀಳುತ್ತಿತ್ತು. ಮನೆಗೆ ಬಂದವರಿಗೆಲ್ಲ ಅವನು ಇದನ್ನು ಮಾಡಿ ತೋರಿಸುತ್ತಿದ್ದ.

"ವಾಟ ಅಂದ್ರೆ ಇದು. ಇಳಿಜಾರು ಹೀಗಿರ್ಬೇಕು. ನೀರು ದಾರಿ ಕೇಳೋ ಹಾಗೇ ಇರಬಾರದು," ಎನ್ನುತ್ತಿದ್ದ.

ಮಗ ಅದೇ ಅಂಗಳದಲ್ಲಿ ವಾಟರ್ ಸರ್ವಿಸ್ ನಡೆಸುತ್ತಿದ್ದ. ಬೈಕು, ಕಾರು, ಒಮ್ಮೊಮ್ಮೆ ಸಣ್ಣ ಟೆಂಪೋ. ಬೆಳಿಗ್ಗೆ ಎಂಟಕ್ಕೆ ಪಂಪಿನ ಸದ್ದು ಶುರುವಾದರೆ ಸಂಜೆಯವರೆಗೆ ಸೋಪಿನ ನೊರೆ, ಚಕ್ರದ ಕೆಸರು, ಇಂಜಿನ್ನಿನ ಗ್ರೀಸು ಎಲ್ಲವೂ ಗೇಟು ದಾಟಿ ಹೋಗುತ್ತಿದ್ದವು. ಸೊಸೆ ಊರಾಚೆಯ ನರ್ಸರಿಯಲ್ಲಿ ಗಿಡ ನೋಡಿಕೊಳ್ಳುವ ಕೆಲಸಕ್ಕೆ ಹೋಗುತ್ತಿದ್ದಳು. ಮೇಸ್ತ್ರಿಯ ಹೆಂಡತಿ ಮನೆ ನಡೆಸುತ್ತಿದ್ದಳು. ಹನ್ನೊಂದು ವರ್ಷದ ಮೊಮ್ಮಗಳು ಬಾಯಿ ನಡೆಸುತ್ತಿದ್ದಳು; ಅವಳನ್ನು ಎಲ್ಲರೂ ವಟವಟಿ ಎಂದೇ ಕರೆಯುತ್ತಿದ್ದರು.

ಬೀದಿ ಇಳಿಜಾರಿನದು. ಇಳಿಜಾರಿನ ಬುಡದಲ್ಲಿ, ಕೆರೆಗೆ ಸ್ವಲ್ಪ ಮೊದಲು, ಮೇಸ್ತ್ರಿಯ ತಂಗಿಯ ಎರಡು ಕೋಣೆಯ ಮನೆ. ಅವಳು ಒಂಟಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಹಿಂದಿನದರಲ್ಲಿ ಒಲೆ ಮತ್ತು ಮಂಚ. ಆ ಜಾಗ ಕೊಡಿಸಿದವನೂ ಮನೆ ಕಟ್ಟಿಕೊಟ್ಟವನೂ ಮೇಸ್ತ್ರಿಯೇ.

ಆ ವರ್ಷದ ಮೊದಲ ದೊಡ್ಡ ಮಳೆ ಒಂದು ಮಂಗಳವಾರ ಮಧ್ಯಾಹ್ನ ಬಂತು. ಎರಡು ಗಂಟೆ ಬಿಡದೆ ಸುರಿಯಿತು. ಮರುದಿನ ಬೆಳಿಗ್ಗೆ ಎಲ್ಲರೂ ಬ್ರೆಡ್ಡು, ಮೊಟ್ಟೆ ತಿನ್ನುತ್ತ ಕುಳಿತಿದ್ದಾಗ ತಂಗಿ ಬಟ್ಟೆಯ ಗಂಟು ಹೊತ್ತು ಬಂದಳು.

"ಬನ್ನಿ ಅತ್ತೆ, ಕೂತ್ಕೊಳ್ಳಿ," ಎಂದ ಮಗ.

"ಕೂರೋಕೆ ಬಂದಿಲ್ಲ. ತೋರಿಸೋಕೆ ಬಂದಿದ್ದೀನಿ."

ತಟ್ಟೆಗಳನ್ನು ಸರಿಸಿ ಮೇಜಿನ ಮೇಲೆ ಗಂಟು ಬಿಚ್ಚಿದಳು. ಬಿಳಿ ಶರಟುಗಳು. ಕಾಲರಿನಿಂದ ತೋಳಿನವರೆಗೆ ಕಪ್ಪು ಪಟ್ಟೆ, ಅದರ ಅಂಚಿನಲ್ಲಿ ಎಣ್ಣೆಯ ಜಿಡ್ಡು.

"ಶಾಲೆ ಯೂನಿಫಾರಂ. ನಲವತ್ತರಲ್ಲಿ ಹದಿನಾಲ್ಕು ಹೀಗಾಗಿವೆ. ನೆಲದ ಮೇಲೆ ಇಟ್ಟಿರ್ಲಿಲ್ಲ, ಕೆಳಗಿನ ಹಲಗೆ ಮೇಲಿದ್ವು. ನೀರು ಅಲ್ಲಿವರೆಗೂ ಹತ್ತಿತು."

"ಅದಕ್ಕೆ ನಾನೇನು ಮಾಡ್ಲಿ? ಮಳೆ ನಾನು ಸುರಿಸಿದ್ನಾ?" ಎಂದ ಮೇಸ್ತ್ರಿ.

"ಮಳೆ ಆಕಾಶದ್ದು ಅಣ್ಣ. ಆಯಿಲ್ ನಿನ್ನ ಮನೇದು. ಮೂಸಿ ನೋಡು."

ಮೇಸ್ತ್ರಿ ಮೂಸಲಿಲ್ಲ. ಅವನ ಹೆಂಡತಿ ಒಂದು ಶರಟು ಎತ್ತಿ ಮೂಗಿನ ಹತ್ತಿರ ಹಿಡಿದು, ಗಂಡನ ಕಡೆ ನೋಡಿ, ಮಡಚಿಟ್ಟಳು.

"ಈ ಬೀದಿಲಿ ಚರಂಡಿಗೆ ನೀರು ಬಿಡೋನು ನಾನೊಬ್ನೇನಾ ಅತ್ತೆ? ಬೇಕರಿಯವನು ಟ್ರೇ ತೊಳೆದು ಜಿಡ್ಡೆಲ್ಲ ಅದಕ್ಕೇ ಬಿಡ್ತಾನೆ," ಎಂದ ಮಗ.

"ಬಿಡ್ತಾನೆ. ಅವನೇನು ನಾನು ಎತ್ತಿ ಆಡಿಸಿದ ಮಗುವಾ, ಹೋಗಿ ಕೇಳೋಕೆ? ನಿಮ್ಮ ಬಾಗಿಲಿಗೆ ಬರೋಕೆ ನನಗೆ ಹಕ್ಕಿದೆ, ಬಂದಿದ್ದೀನಿ."

"ಹೊಸಿಲು ಎರಡು ಇಟ್ಟಿಗೆ ಎತ್ತರಿಸಿಕೊಡ್ತೀನಿ ಬಿಡು," ಎಂದ ಮೇಸ್ತ್ರಿ, ದೊಡ್ಡ ಉಪಕಾರ ಮಾಡುವವನಂತೆ.

"ಇಟ್ಟಿಗೆ ನೀನೇ ಇಟ್ಕೋ. ಆ ಜಾಗ ಕೊಡಿಸುವಾಗ ಕೆರೆ ಗಾಳಿ ಚೆನ್ನಾಗಿ ಬರುತ್ತೆ ಅಂದಿದ್ದೆ. ಈಗ ಏನೇನು ಬರ್ತಿದೆ ಅಂತ ನಿನಗೇನು ಗೊತ್ತು?"

ಶರಟುಗಳನ್ನು ಅಲ್ಲೇ ಬಿಟ್ಟು ಹೊರಟುಹೋದಳು.

ಅಂದು ಹಗಲೆಲ್ಲ ಮೇಸ್ತ್ರಿಯ ಹೆಂಡತಿ ಆ ಶರಟುಗಳನ್ನು ಸೋಪಿನಲ್ಲಿ ನೆನೆಸಿ ಉಜ್ಜಿದಳು. ಸಂಜೆ ಕಪ್ಪು ನೀರಿನ ಬಕೆಟ್ಟು ಎತ್ತಿಕೊಂಡು ಅಂಗಳಕ್ಕೆ ಚೆಲ್ಲಲು ಹೊರಟಾಗ, ಕೆಲಸದಿಂದ ಆಗತಾನೆ ಬಂದ ಸೊಸೆ ತಡೆದಳು.

"ಅತ್ತೆ, ಅಲ್ಲಿ ಬೇಡ. ಬಚ್ಚಲಿಗೆ ಹಾಕಿ."

"ಯಾಕೆ, ಎರಡೂ ನೀರು ಹೋಗೋ ದಾರಿನೇ ಅಲ್ವಾ?"

"ಬಚ್ಚಲಿನದು ನೆಲದೊಳಗಿನ ಪೈಪಲ್ಲಿ ಹೋಗುತ್ತೆ, ಕೊನೆಗೆ ಅದನ್ನ ಶುದ್ಧ ಮಾಡೋ ಜಾಗ ಇದೆ. ಬೀದಿ ಚರಂಡಿ ಹಾಗಲ್ಲ. ಅದು ಮಳೆನೀರಿಗೆ ಮಾತ್ರ. ಅದರಲ್ಲಿ ಬಿಟ್ಟಿದ್ದು ನೇರ ನಿಮ್ಮ ನಾದಿನಿ ಮನೆ ಮುಂದೆ ಹಾದು ಕೆರೆಗೆ."

ಮೇಸ್ತ್ರಿಯ ಹೆಂಡತಿ ಬಕೆಟ್ಟು ಹಿಡಿದೇ ನಿಂತಳು. "ಅಂದ್ರೆ ಅವಳ ಶರಟಿನ ಕೊಳೆ ತೊಳೆದು ಅವಳ ಮನೆಗೇ ಕಳಿಸ್ತಿದ್ದೆ," ಎಂದು ಬಚ್ಚಲಿನ ಕಡೆ ತಿರುಗಿದಳು.

ರಾತ್ರಿ ಊಟಕ್ಕೆ ಕುಳಿತಾಗ ವಟವಟಿ ಕೇಳಿದಳು: "ತಾತ, ಹಾಗಾದ್ರೆ ಚರಂಡಿ ನೀರನ್ನ ಯಾರು ಶುದ್ಧ ಮಾಡ್ತಾರೆ?"

"ಅನ್ನ ತಣ್ಣಗಾಗ್ತಿದೆ, ತಿನ್ನು."

"ಯಾರೂ ಮಾಡಲ್ಲ," ಎಂದಳು ಸೊಸೆ. "ಮೊದಲು ಮಣ್ಣು ಮಾಡ್ತಿತ್ತು. ಮಾವ, ಗೇಟಿನ ಪಕ್ಕ ಎರಡು ಮಾರು ಅಗಲ ಸಿಮೆಂಟು ಒಡೆದು, ತಗ್ಗು ಮಾಡಿ, ಜಲ್ಲಿ ತುಂಬಿ ಗಿಡ ಹಾಕಿದ್ರೆ ಮಳೆನೀರು ಅರ್ಧಕ್ಕರ್ಧ ಅಲ್ಲೇ ಇಂಗುತ್ತೆ. ನರ್ಸರಿಲಿ ನಾವು ಹಾಗೇ ಮಾಡಿದ್ದೀವಿ."

ಮೇಸ್ತ್ರಿಯ ತುತ್ತು ಕೈಯಲ್ಲೇ ಉಳಿಯಿತು. "ನನ್ನ ಅಂಗಳಕ್ಕೆ ಸುತ್ತಿಗೆ? ನೀನು ಗಿಡಕ್ಕೆ ನೀರು ಹಾಕೋದು ಕಲಿತಿದ್ದೀಯಮ್ಮ, ಸಂತೋಷ. ನೀರು ಹರಿಸೋದು ನನಗೆ ಕಲಿಸಬೇಡ."

"ಹರಿಸೋದು ನಿಮಗೆ ಗೊತ್ತು ಮಾವ. ನಿಲ್ಲಿಸೋದು ಹೇಳಿದೆ ಅಷ್ಟೆ."

"ಜಾಗ ಒಡೆದ್ರೆ ನಾನು ಗಾಡಿ ಎಲ್ಲಿ ನಿಲ್ಲಿಸ್ಲಿ, ತಲೆ ಮೇಲಾ?" ಎಂದು ಮಗ ಹೆಂಡತಿಯ ಮೇಲೆ ರೇಗಿದ. "ಪಂಪು ನಿಂತ್ರೆ ಈ ತಟ್ಟೆಗೆ ಎಲ್ಲಿಂದ ಬರುತ್ತೆ?"

"ನಿಲ್ಲಿಸಿ ಅಂತ ಯಾರು ಅಂದ್ರು?"

"ಅಂದ ಹಾಗೇ ಇತ್ತು."

ಮೇಸ್ತ್ರಿಯ ಹೆಂಡತಿ ತಟ್ಟೆ ತೊಳೆದಿಟ್ಟಳು. ಬೆಳಿಗ್ಗೆ ನೋಡಿದರೆ ಚಪ್ಪಲಿ ಮೆಟ್ಟಿ, ತೊಳೆದ ಶರಟುಗಳ ಗಂಟು ಹಿಡಿದು ಹೊರಟು ನಿಂತಿದ್ದಳು. ಆರು ಶರಟು ಹೇಗೋ ಬೆಳ್ಳಗಾಗಿದ್ದವು. ಎಂಟು ಹೊಸದಾಗಿ ಹೊಲಿಯಬೇಕಿತ್ತು.

"ಎಲ್ಲಿಗೆ?" ಎಂದ ಮೇಸ್ತ್ರಿ.

"ನಾದಿನಿ ಮನೆಗೆ. ಕಾಜಾ ಹಾಕೋಕೆ, ಗುಂಡಿ ಹೊಲಿಯೋಕೆ ಅವಳಿಗೆ ಕೈ ಬೇಕು. ಶಾಲೆ ಶುರುವಾಗೋಕೆ ಹತ್ತೇ ದಿನ. ಸಂಜೆ ಬರ್ತೀನಿ."

"ಅಡುಗೆ?"

"ಅಡುಗೆಮನೆ ಇಲ್ಲೇ ಇದೆ. ಅದಕ್ಕೆ ವಾಟ ಕೊಟ್ಟಿಲ್ಲ, ಹರಿದು ಹೋಗಲ್ಲ."

ಅಂದಿನಿಂದ ಮನೆಯ ಮಧ್ಯಾಹ್ನದ ಊಟ ಅಪ್ಪ–ಮಗನ ಪಾಲಿಗೆ ಬಂತು. ಮೊದಲ ದಿನ ಅನ್ನ ತಳ ಹಿಡಿಯಿತು. ಎರಡನೆಯ ದಿನ ಗಂಜಿಯಾಯಿತು. ಮೂರನೆಯ ದಿನ ಇಬ್ಬರೂ ಆಲೂಗಡ್ಡೆ ಬೇಯಿಸಿ ಉಪ್ಪು ಹಾಕಿಕೊಂಡು ತಿಂದರು. ನಾಲ್ಕನೆಯ ದಿನ ಮಗ ಅನ್ನವನ್ನು ಸರಿಯಾಗಿ ಮಾಡಿದ. ಮೇಸ್ತ್ರಿ ಅದನ್ನು ಡಬ್ಬಿಗೆ ಹಾಕಿ ಛತ್ರಿ ಹಿಡಿದ.

"ಎಲ್ಲಿಗೆ ಅಪ್ಪ?"

"ನಿಮ್ಮಮ್ಮ ಅಲ್ಲಿ ಏನು ತಿಂತಾಳೋ ಏನೋ," ಎಂದು ಗೊಣಗಿ ಇಳಿಜಾರಿನಲ್ಲಿ ನಡೆದ.

ಎರಡು ಮನೆ ದಾಟುವಷ್ಟರಲ್ಲಿ ಮಳೆ ಬಂತು. ಮಂಡಿ ನೋವಿನಿಂದ ಬೇಗ ನಡೆಯಲಾಗದೆ ಅವನು ಗೋಡೆ ಹಿಡಿದು ಮೆಲ್ಲಗೆ ಇಳಿದ. ಪಕ್ಕದಲ್ಲೇ ಚರಂಡಿ ಅವನಿಗಿಂತ ಬೇಗ ಓಡುತ್ತಿತ್ತು. ಅವನ ಗೇಟಿನಿಂದ ಬಂದ ನೀರಿನ ಮೇಲೆ ಎಣ್ಣೆ ಬಣ್ಣಬಣ್ಣವಾಗಿ ತೇಲುತ್ತಿತ್ತು. ಮುಂದಿನ ಮನೆಯ ಗೇಟಿನಿಂದಲೂ ಕಟ್ಟೆಯೊಡೆದಂತೆ ನೀರು ಬಂದು ಸೇರಿತು. ಅದರ ಮುಂದಿನದರಿಂದಲೂ. ಒಂದು ಕಡೆಯಿಂದ ಪ್ಲಾಸ್ಟಿಕ್ ಚೀಲ, ಇನ್ನೊಂದು ಕಡೆಯಿಂದ ಕತ್ತರಿಸಿದ ಹುಲ್ಲು, ಬೇಕರಿಯ ಕಡೆಯಿಂದ ಹಿಟ್ಟು ಕಲಸಿದ ಬಿಳಿ ಜಿಡ್ಡು.

ಮೇಸ್ತ್ರಿ ನಿಂತ. ಒಂದೊಂದೇ ಗೇಟಿನೊಳಗೆ ಇಣುಕಿದ. ಆ ಅಂಗಳ ಅವನು ಹಾಕಿದ್ದು. ಇದೂ. ಬೇಕರಿಯವನದು, ಎದುರಿನ ನೀಲಿ ಗೇಟಿನದು, ಮೂಲೆಯ ಮಹಡಿ ಮನೆಯದು. ಎಣಿಸುತ್ತ ಇಳಿದ. ತನ್ನದೂ ಸೇರಿ ಒಟ್ಟು ಹನ್ನೊಂದು. ಅವನ ಅಂಗಳ ನೋಡಿ ಮೆಚ್ಚಿ, "ನಮಗೂ ಹೀಗೇ ಹಾಕಿಕೊಡಿ ಮೇಸ್ತ್ರಿ," ಎಂದು ಬೀದಿಯವರು ಕರೆದಿದ್ದರು. ಕೆಲಸ ಬಿಟ್ಟ ಮೇಲೂ ಮೂರು ವರ್ಷ ಒಂದೊಂದಾಗಿ ಹಾಕಿಕೊಟ್ಟಿದ್ದ. ಹನ್ನೊಂದೂ ಒಂದು ಹನಿ ಉಳಿಸಿಕೊಳ್ಳದೆ ಕೆಳಕ್ಕೆ ತಳ್ಳುತ್ತಿದ್ದವು.

ಬುಡದಲ್ಲಿ, ಚರಂಡಿ ರಸ್ತೆಯಡಿಗೆ ಹೋಗುವ ಬಾಯಲ್ಲಿ, ಅವನ ತಂಗಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ನಿಂತಿದ್ದಳು. ಕೈಯಲ್ಲಿ ಕೊಕ್ಕೆಯ ಕೋಲು. ಕಬ್ಬಿಣದ ಜಾಲರಿಗೆ ಕಟ್ಟಿಕೊಂಡ ಚೀಲ, ಎಲೆ, ಚಿಂದಿಗಳನ್ನು ಎಳೆದೆಳೆದು ದಂಡೆಗೆ ಹಾಕುತ್ತಿದ್ದಳು. ಅರವತ್ತು ದಾಟಿದ ಹೆಂಗಸು. ನೀರು ಅವಳ ಮೊಣಕಾಲು ಬಡಿಯುತ್ತಿತ್ತು.

ಮೇಸ್ತ್ರಿ ಡಬ್ಬಿಯನ್ನೂ ಛತ್ರಿಯನ್ನೂ ಅವಳ ಮನೆಯ ಜಗಲಿಯ ಮೇಲಿಟ್ಟು ಹೋಗಿ ಕೋಲು ಕಿತ್ತುಕೊಂಡ.

"ಬಿಡು, ನಿನ್ನ ಮಂಡಿ," ಎಂದಳು ಅವಳು.

"ಸುಮ್ನಿರು."

ಇಬ್ಬರೂ ಸೇರಿ ಜಾಲರಿ ಬಿಡಿಸಿದರು. ನೀರು ಗುಡುಗುಡು ಎಂದು ಇಳಿಯಿತು. ಜಗಲಿ ಹತ್ತಿ ಕುಳಿತ ಮೇಲೆ ಅವನು ಕೇಳಿದ:

"ಎಷ್ಟು ದಿನದಿಂದ ಇದನ್ನ ಮಾಡ್ತಿದ್ದೀಯ?"

"ದಿನ ಅಲ್ಲ. ನಿನ್ನ ಅಂಗಳಕ್ಕೆ ಸಿಮೆಂಟು ಬಿದ್ದ ವರ್ಷದಿಂದ."

"ಒಂದು ಮಾತು ಹೇಳಬಾರದಿತ್ತಾ?"

"ಹೇಳೋಕೆ ಬಂದಿದ್ದೆ ಅಣ್ಣ. ನೀನು ಬಟ್ಟಲಲ್ಲಿ ನೀರು ಸುರಿದು ತೋರಿಸ್ತಾ ಇದ್ದೆ. ಅಷ್ಟು ಖುಷಿಯಾಗಿದ್ದೆ."

ಮೇಸ್ತ್ರಿ ಒದ್ದೆ ಪಂಚೆಯ ಅಂಚು ಹಿಂಡಿದ. ಒಳಗಿನಿಂದ ಅವನ ಹೆಂಡತಿ ಡಬ್ಬಿ ತೆರೆದು, "ಅನ್ನ ಉದುರುದುರಾಗಿದೆ! ಯಾರು ಮಾಡಿದ್ದು?" ಎಂದು ಕೂಗಿದಳು.

ಮುಂದಿನ ಭಾನುವಾರ ಬೆಳಿಗ್ಗೆ ಮಗನಿಗೆ ಎಚ್ಚರವಾದದ್ದು ಉಳಿಯ ಸದ್ದಿಗೆ. ಓಡಿಬಂದು ನೋಡಿದರೆ ಗೇಟಿನ ಪಕ್ಕ ದಾರ ಕಟ್ಟಿ, ಗುರುತು ಹಾಕಿ, ಮೇಸ್ತ್ರಿ ಮಣೆಯ ಮೇಲೆ ಕುಳಿತು ಸಿಮೆಂಟು ಒಡೆಯುತ್ತಿದ್ದ.

"ಅಪ್ಪ! ಏನು ಮಾಡ್ತಿದ್ದೀಯ?"

"ಕಾಣ್ತಿಲ್ವಾ?"

"ನನ್ನನ್ನ ಒಂದು ಮಾತು ಕೇಳಬಾರದಾ? ಇವತ್ತು ನಾಲ್ಕು ಗಾಡಿ ಬರೋದಿದೆ."

"ಬರಲಿ. ಆ ಕಡೆ ನಿಲ್ಲಿಸು. ಎರಡು ಗಾಡಿ ನಿಲ್ಲೋ ಜಾಗ ಬಿಟ್ಟೇ ದಾರ ಹಿಡಿದಿದ್ದೀನಿ, ಅಳೆದುಕೋ."

ಮಗ ಅಳೆದ. ನಿಜವಾಗಿಯೂ ಇತ್ತು. ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನಿಂತ. ಅಪ್ಪ ಒಂದು ಏಟಿಗೂ ಇನ್ನೊಂದಕ್ಕೂ ನಡುವೆ ಮಂಡಿ ಉಜ್ಜಿಕೊಳ್ಳುವುದು ಕಂಡಿತು. "ಕೊಡಿಲ್ಲಿ," ಎಂದು ಕಸಿದುಕೊಂಡ. ಸಂಜೆಗೆ ತಗ್ಗು ಸೊಂಟದಾಳಕ್ಕೆ ಇಳಿದಿತ್ತು. ಇಪ್ಪತ್ತು ವರ್ಷ ಬೆಳಕು ಕಾಣದ ಮಣ್ಣು ಕೆಂಪಗೆ ಹೊರಬಿತ್ತು. ಅಡಿಗೆ ದಪ್ಪ ಜಲ್ಲಿ, ಮೇಲೆ ಮರಳು, ಅದರ ಮೇಲೆ ಮಣ್ಣು. ಅಂಚನ್ನು ನೆಲಕ್ಕಿಂತ ಒಂದು ಗೇಣು ತಗ್ಗಿಸಿ, ಉಳಿದ ಅಂಗಳದ ನೀರು ಅಲ್ಲಿಗೇ ಬಂದು ಬೀಳುವಂತೆ ಮೇಸ್ತ್ರಿ ಕರಣೆಯಿಂದ ಸರಿಮಾಡಿದ. ನರ್ಸರಿಯಲ್ಲಿ ಉಳಿದುಹೋದ ಇಪ್ಪತ್ತು ಸಸಿಗಳನ್ನು ಸೊಸೆ ಬುಟ್ಟಿಯಲ್ಲಿ ತಂದು ನೆಟ್ಟಳು.

ಒಂದೇ ವಾರ. ಸಸಿಗಳೆಲ್ಲ ಸುಟ್ಟಂತೆ ಕಂದಿದವು. ಮಣ್ಣಿನ ಮೇಲೆ ಕರಿ ಪೊರೆ ಕಟ್ಟಿತು. ಮಗ ಗಾಡಿ ತೊಳೆದ ನೀರೂ ಅದೇ ತಗ್ಗಿಗೆ ಹೋಗುತ್ತಿತ್ತು.

"ಮಳೆಗೆ ಅಂತ ತೋಡಿದ್ದು! ನಿಮ್ಮ ಗ್ರೀಸಿಗಲ್ಲ!" ಎಂದು ಸೊಸೆ ಒಂದು ಸತ್ತ ಸಸಿಯನ್ನು ಬೇರುಸಹಿತ ಕಿತ್ತು ಗಂಡನ ಮುಂದೆ ಹಿಡಿದಳು. "ಒಂದೊಂದನ್ನೂ ಬೀಜದಿಂದ ಬೆಳೆಸಿದ್ದೆ."

"ನಾನು ಬೇಕೂಂತ ಮಾಡಿದ್ನಾ? ಅಂಗಳ ಅಲ್ಲಿಗೇ ಇಳಿಸಿದ್ದಾರೆ, ನೀರೇನು ನನ್ನ ಮಾತು ಕೇಳುತ್ತಾ?"

"ನಿಮ್ಮ ಗಾಡಿ ನಿಮ್ಮ ಮಾತು ಕೇಳುತ್ತಲ್ಲ!"

ಎರಡು ದಿನ ಗಂಡಹೆಂಡಿರ ಮಾತು ವಟವಟಿಯ ಮೂಲಕ ನಡೆಯಿತು. "ಉಪ್ಪು ಬೇಕಂತೆ ಅಪ್ಪನಿಗೆ." "ಕೈ ಇದೆಯಲ್ಲ ಅನ್ನು." ಪಂಪೂ ನಿಂತಿತ್ತು, ಮಗ ಮುನಿಸಿಕೊಂಡು ಗೇಟಿಗೆ ಬೀಗ ಹಾಕಿದ್ದ. ಮೂರನೆಯ ದಿನ ಮೇಸ್ತ್ರಿ ಸೀಮೆಸುಣ್ಣದಿಂದ ಗಾಡಿ ನಿಲ್ಲುವ ಜಾಗದ ಸುತ್ತ ಗೆರೆ ಎಳೆದು ಇಬ್ಬರನ್ನೂ ಕರೆದ.

"ಜಗಳ ಆಮೇಲೆ ಆಡಿ. ಇಲ್ಲಿ ನೋಡಿ. ಈ ಗೆರೆ ಮೇಲೆ ಎರಡು ಬೆರಳು ಎತ್ತರದ ಕಟ್ಟೆ. ತೊಳೆದ ನೀರು ಇದನ್ನ ದಾಟಬಾರದು. ಮೂಲೇಲಿ ಮೂರು ತೊಟ್ಟಿ, ಒಂದರ ಪಕ್ಕ ಒಂದು. ಮೊದಲನೇದರಲ್ಲಿ ಕೆಸರು ಕೂರುತ್ತೆ. ಎರಡನೇದರಲ್ಲಿ ಎಣ್ಣೆ ಮೇಲೆ ತೇಲುತ್ತೆ, ಅಡಿಯಿಂದ ನೀರು ಮಾತ್ರ ಮೂರನೇದಕ್ಕೆ. ಅಲ್ಲಿಂದ ಬಚ್ಚಲಿನ ಪೈಪಿಗೆ. ಎಣ್ಣೆ ನೀನು ದಿನಾ ಸೌಟಲ್ಲಿ ತೆಗೆದು ಕ್ಯಾನಿಗೆ ಹಾಕ್ಬೇಕು. ಆಗುತ್ತಾ?"

"ಅನ್ನ ಮಾಡೋದೇ ಕಲ್ತೆ, ಸೌಟು ಹಿಡಿಯೋದು ಕಷ್ಟನಾ?" ಎಂದ ಮಗ. ಸೊಸೆಗೆ ನಗು ಬಂತು. ತಡೆದುಕೊಳ್ಳಲು ಮುಖ ತಿರುಗಿಸಿದಳು.

ಒಳಚರಂಡಿ ಕಚೇರಿಗೆ ಸೊಸೆಯೇ ಹೋಗಿ ಪೈಪು ಸೇರಿಸಲು ಒಪ್ಪಿಗೆ ತಂದಳು. ತೊಟ್ಟಿ ಕಟ್ಟಲು ಐದು ದಿನ ಹಿಡಿಯಿತು. ಗಾಡಿ ತೊಳೆಯುವ ಕ್ರಮವೂ ಬದಲಾಯಿತು. ಮೊದಲು ಒಣ ಕೆಸರನ್ನು ಕೆರೆದು ಗುಡಿಸುವುದು, ಇಂಜಿನ್ನಿನ ಅಡಿಗೆ ತಗಡಿನ ತಟ್ಟೆ ಇಡುವುದು, ಬಕೆಟ್ಟು–ಬಟ್ಟೆಯಲ್ಲಿ ಒರೆಸಿ ಕೊನೆಗೆ ಮಾತ್ರ ಪಂಪು. ದಿನಕ್ಕೆ ಹತ್ತು ಗಾಡಿ ಆಗುತ್ತಿದ್ದಲ್ಲಿ ಏಳು ಆಯಿತು. ಒಬ್ಬ ಗಿರಾಕಿ, "ಇದೇನು ಮದುವಣಗಿತ್ತಿ ಅಲಂಕಾರ, ಬೇಗ ನೀರು ಹೊಡಿ," ಎಂದು ರೇಗಿ ಬೇರೆ ಕಡೆ ಹೋದ. ಇನ್ನೊಬ್ಬ, "ಚಕ್ರದ ಒಳಗೆಲ್ಲ ಇಷ್ಟು ಚೆನ್ನಾಗಿ ಯಾರೂ ತೊಳೆದಿರ್ಲಿಲ್ಲ," ಎಂದು ತಮ್ಮನ ಗಾಡಿಯನ್ನೂ ಕಳಿಸಿದ. ಸೊಸೆ ಎಣ್ಣೆ ಕುಡಿದ ಮಣ್ಣನ್ನು ತೆಗೆಸಿ ಹೊಸ ಸಸಿ ತಂದಳು. ಈ ಸಲ ಮಗನೂ ಕೂತು ನೆಟ್ಟ. ಒಂದನ್ನೂ ತಲೆಕೆಳಗಾಗಿ ನೆಡದಂತೆ ವಟವಟಿ ಕಾವಲು ನಿಂತಳು.

ಯೂನಿಫಾರಂಗಳು ಶಾಲೆ ಸೇರಿ ತಿಂಗಳಾದ ಮೇಲೆ, ಒಂದು ಮಧ್ಯಾಹ್ನ ಆಕಾಶ ಕಪ್ಪಿಟ್ಟು ಮೊದಲಿನಂಥದೇ ಮಳೆ ಬಂತು. ಎಲ್ಲರೂ ಬಾಗಿಲಲ್ಲಿ ನಿಂತು ನೋಡಿದರು. ಅಂಗಳದ ನೀರು ತಗ್ಗಿಗೆ ಇಳಿಯಿತು. ಮಣ್ಣು ಕುಡಿಯಿತು. ಗುಳ್ಳೆಯೆದ್ದಿತು, ಮತ್ತೆ ಕುಡಿಯಿತು. ಸಸಿಗಳು ಕೊರಳವರೆಗೆ ಮುಳುಗಿದವು. ಮುಕ್ಕಾಲು ಗಂಟೆಯವರೆಗೆ ಗೇಟಿನಾಚೆ ಒಂದು ಹನಿಯೂ ಹೋಗಲಿಲ್ಲ. ಆಮೇಲೆ ಅಂಚು ಮೀರಿ ಸಣ್ಣ ಎಳೆಯಂತೆ ಹರಿಯಿತು. ಬಣ್ಣವಿಲ್ಲದ ನೀರು.

ಮಗ ಫೋನು ಹಚ್ಚಿದ. "ಅತ್ತೆ, ಒಳಗೆ ಬಂತಾ?"

ಅವಳ ದನಿ ಎಲ್ಲರಿಗೂ ಕೇಳಿಸಿತು. "ಹೊಸಿಲ ಹತ್ತಿರ ಬಂತು. ನೋಡ್ತಾನೇ ಕೂತಿದ್ದೆ. ಹತ್ತಲಿಲ್ಲ. ವಾಸನೆ ಕಡಿಮೆಯಾಗಿದೆ. ಆದ್ರೆ ಮೇಲಿನ ಮನೆಗಳದ್ದೆಲ್ಲ ಬರ್ತಾನೇ ಇದೆಯಪ್ಪ. ಇನ್ನರ್ಧ ಗಂಟೆ ಸುರಿದಿದ್ರೆ ಹೇಳೋಕಾಗ್ತಿರ್ಲಿಲ್ಲ."

ಮೇಸ್ತ್ರಿ ಫೋನು ಇಸಿದುಕೊಂಡ. "ನಾಳೆ ಬೆಳಿಗ್ಗೆ ಬಾ. ಬೇಕರಿಯವನ ಮನೆಗೆ ಹೋಗೋಣ."

"ನಾನ್ಯಾಕೆ?"

"ಕೇಳೋಕೆ ನನಗೆ ಬರಲ್ಲ. ನಿನಗೆ ಬಾಯಿದೆ."

ಬೇಕರಿಯವನು ತೋಳಿನವರೆಗೆ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದ. ತಂಗಿ ಮಾತು ಶುರುಮಾಡಿದಳು: ಶರಟುಗಳು, ಜಾಲರಿ, ಕೋಲು, ಟ್ರೇ ತೊಳೆದ ಜಿಡ್ಡು. ಒಂದನ್ನೂ ಬಿಡಲಿಲ್ಲ, ಒಂದನ್ನೂ ಏರುದನಿಯಲ್ಲಿ ಹೇಳಲಿಲ್ಲ. ಅವನು ಕೇಳುತ್ತ ಕೇಳುತ್ತ ಹಿಟ್ಟಿನ ಕೈಯಿಂದಲೇ ಕಿವಿ ತುರಿಸಿಕೊಂಡ.

"ಟ್ರೇ ಬಚ್ಚಲಲ್ಲಿ ತೊಳೆಸ್ತೀನಿ, ಅದೇನು ದೊಡ್ಡದಲ್ಲ. ಒರೆಸಿ ತೊಳೆದ್ರೆ ಪೈಪೂ ಕಟ್ಟಲ್ಲ," ಎಂದ. "ಆದ್ರೆ ಅಂಗಳ ಒಡೆಯೋದು... ಮೇಸ್ತ್ರಿ, ಹಾಕೋಕೆ ಕೂಲಿ ತಗೊಂಡ್ರಿ. ಈಗ ಒಡೆಯೋಕೂ ತಗೋತೀರಾ?"

"ಇಲ್ಲ. ಇಳಿಜಾರು ಲೆಕ್ಕ ಹಾಕಿದವನು ನಾನು. ಕೆಳಗೆ ಯಾರಿದ್ದಾರೆ ಅಂತ ಲೆಕ್ಕ ಹಾಕ್ಲಿಲ್ಲ. ಒಡೆದು ಸರಿಮಾಡಿಕೊಡೋದು ನನ್ನ ಪಾಲು. ಜಲ್ಲಿ ನಿಮ್ಮದು."

"ಸೊಳ್ಳೆ ಆಗಲ್ವಾ?"

"ಒಂದು ದಿನದೊಳಗೆ ಇಂಗಿಹೋಗುತ್ತೆ. ನಮ್ಮನೇದು ಹೋಗಿ ನೋಡಿ, ಈಗಲೇ ಒಣಗಿದೆ."

ಒಳಗಿನಿಂದ ಬೇಕರಿಯವನ ಹೆಂಡತಿ ಕೂಗಿದಳು: "ಒಪ್ಕೊಳ್ರೀ! ಅಲ್ಲಿ ನಾನು ನಿಂಬೆ ಗಿಡ ಹಾಕ್ತೀನಿ. ಹದಿನೈದು ವರ್ಷದಿಂದ ಕೇಳ್ತಿದ್ದೀನಿ."

"ಆಯ್ತಪ್ಪ, ಮನೆಯವರ ತೀರ್ಪೂ ಆಯ್ತು," ಎಂದ ಅವನು. "ಕೊಡಿ ಸುತ್ತಿಗೆ, ಮೊದಲ ಏಟು ನಂದೇ ಇರಲಿ."

ಸುತ್ತಿಗೆ, ಉಳಿ ಹೊತ್ತು ಜೊತೆಗೆ ಬಂದಿದ್ದ ಮೇಸ್ತ್ರಿಯ ಮಗ ದಾರ ಹಿಡಿದು ಗುರುತು ಹಾಕಿದ. ಬೇಕರಿಯವನು ಕೈಗೆ ಉಗಿದುಕೊಂಡು, ಸುತ್ತಿಗೆಯನ್ನು ತಲೆಯೆತ್ತರಕ್ಕೆ ಎತ್ತಿ ಬೀಸಿ ಹೊಡೆದ. ಸುತ್ತಿಗೆ ಠಣ್ಣೆಂದು ಪುಟಿದು ಅವನನ್ನೇ ಎರಡು ಹೆಜ್ಜೆ ಹಿಂದಕ್ಕೆ ತಳ್ಳಿತು. ನೆಲದಲ್ಲಿ ಉಗುರಿನಷ್ಟು ಬಿಳಿ ಚುಕ್ಕೆ ಬಿಟ್ಟರೆ ಏನೂ ಆಗಿರಲಿಲ್ಲ.

"ಅಯ್ಯಯ್ಯೋ, ಎಂಥಾ ಸಿಮೆಂಟು ಹಾಕಿದ್ದೀರಿ ಮೇಸ್ತ್ರಿ!"

"ಅದೇ ನೋಡಿ ತೊಂದ್ರೆ," ಎಂದ ಮೇಸ್ತ್ರಿ, ಮಂಡಿ ಹಿಡಿದು ಮಣೆಯ ಮೇಲೆ ಕೂರುತ್ತ. "ಕೆಲಸ ತುಂಬಾ ಚೆನ್ನಾಗಿ ಮಾಡಿಬಿಟ್ಟಿದ್ದೀನಿ. ಈ ಕಡೆಯಿಂದ ಉಳಿ ಇಟ್ಟು ಹೊಡೀರಿ. ನಿಧಾನ. ಇನ್ನೂ ಒಂಬತ್ತು ಅಂಗಳ ಇವೆ."